ಮನೆಯಲ್ಲೇ ಇಗ್ನೇಷಿಯಸ್ ಸಾಧನೆ: ಮುಂಗಾರಿನಿಂದ ಪೆಂತೆಕೋಸ್ತ್‌ವರೆಗೆ

ಸಂತ ಇಗ್ನೇಷಿಯಸ್ ಲೊಯೋಲರ ಆಧ್ಯಾತ್ಮಿಕ ಸಾಧನೆಯನ್ನು (ಮಾರ್ಗದರ್ಶಕರ ನೆರವಿನಿಂದ ಹಂತಹಂತವಾಗಿ ಮಾಡುವ ಧ್ಯಾನ-ಪ್ರಾರ್ಥನೆಗಳ ಕ್ರಮ) ಕೆಲಸ ಬಿಡದೆ, ಮನೆಯಲ್ಲಿದ್ದುಕೊಂಡೇ ಈ ಪೆಂತೆಕೋಸ್ತ್ ಹಬ್ಬದ (ಈಸ್ಟರ್ ಆಗಿ ಏಳು ವಾರಕ್ಕೆ ಬರುವುದು) ಹೊತ್ತಿಗೆ ಮುಗಿಸಿದೆ. ಈಗ ಚಿಕ್ಕಮಗಳೂರಿನವರೂ ಬೇಲೂರು, ಸಕಲೇಶಪುರ ಕಡೆಯವರೂ ಕೇಳುವುದು ಇಷ್ಟೇ: ಅದರಲ್ಲಿ ಏನು ಮಾಡಿಸುತ್ತಾರೆ, ಎಷ್ಟು ಹೊತ್ತು ಬೇಕು, ಖರ್ಚೆಷ್ಟು, ತೋಟದ ಕೆಲಸದಲ್ಲಿರುವವರಿಗೆ ಇದು ಆಗುತ್ತದಾ? ಆಗುತ್ತದೆ. ಎಲ್ಲಿ ಕಾಲು ಜಾರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ.

ಹಿನ್ನೆಲೆ ಸ್ವಲ್ಪ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಇಗ್ನೇಷಿಯಸ್, ಹಾಸಿಗೆ ಹಿಡಿದಿದ್ದಾಗ ತಮ್ಮ ಮನಸ್ಸಿನ ಏರಿಳಿತಗಳನ್ನು ಗಮನಿಸತೊಡಗಿದರು. ಮರುವರ್ಷ ಮನ್ರೇಸಾ ಊರಿನಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಗಳು ಬೆಳೆದು ಪುಸ್ತಕವಾದವು. 1548ರಲ್ಲಿ ಪೋಪ್ ಮೂರನೇ ಪೌಲರು ಅದಕ್ಕೆ ಒಪ್ಪಿಗೆ ಕೊಟ್ಟರು. ಅಂಕಿ ಹಾಕಿದ 370 ಭಾಗಗಳ ಆ ಪುಸ್ತಕ ನಾವು ಓದುವುದಕ್ಕಲ್ಲ, ಮಾಡಿಸುವವರಿಗೆ ಕೈಪಿಡಿ. ಆರಂಭದ 20 ಸೂಚನೆಗಳಲ್ಲಿ 11ನೆಯದು, ಮೊದಲ ವಾರದಲ್ಲಿ ಇರುವವರಿಗೆ ಎರಡನೇ ವಾರದಲ್ಲಿ ಏನು ಬರುತ್ತದೆ ಎಂದು ತಿಳಿಯದಿದ್ದರೇ ಒಳ್ಳೆಯದು ಎನ್ನುತ್ತದೆ. ಹಾಗಾಗಿ ಇಲ್ಲಿ ಬರೆದಿರುವುದನ್ನೂ ದಾರಿಯ ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ, ಪಾಠ ಮಾಡಿಕೊಂಡು ಹೋಗಬೇಡಿ.

ಪೂರ್ತಿ ಸಾಧನೆಗೆ ಎರಡು ದಾರಿ. 20ನೇ ಸೂಚನೆಯ ಪ್ರಕಾರ ಮನೆಮಠ ಬಿಟ್ಟು ಸುಮಾರು 30 ದಿನ ಮೌನದಲ್ಲಿ ಧ್ಯಾನಕೇಂದ್ರದಲ್ಲಿ ಇರುವುದು ಒಂದು. 19ನೇ ಸೂಚನೆಯ ಪ್ರಕಾರ, ಬಿಡಲಾಗದ ಕೆಲಸವಿರುವವರು ದಿನಕ್ಕೆ ಒಂದೂವರೆ ಗಂಟೆ ಎತ್ತಿಟ್ಟು ತಿಂಗಳುಗಟ್ಟಲೆ ನಡೆಸುವುದು ಇನ್ನೊಂದು. ಎರಡನೆಯದಕ್ಕೆ ಸಾಮಾನ್ಯವಾಗಿ 30 ವಾರದ ಲೆಕ್ಕ ಹೇಳುತ್ತಾರೆ. ಪುಸ್ತಕದಲ್ಲಿ ಬರುವ ನಾಲ್ಕು ‘ವಾರ’ಗಳು ಏಳು ದಿನದ ವಾರಗಳಲ್ಲ, ನಾಲ್ಕು ಘಟ್ಟಗಳು. ಒಂದು ಘಟ್ಟದಲ್ಲಿ ದೇವರನ್ನು ಬೇಡುವ ಕೃಪೆ ಸಿಗುವವರೆಗೆ ಅಲ್ಲೇ ನಿಲ್ಲಿಸುತ್ತಾರೆ.

ಯಾವಾಗ ಶುರು ಮಾಡಬೇಕು ಎಂಬುದೇ ನಮ್ಮ ಜಿಲ್ಲೆಗಳಲ್ಲಿ ದೊಡ್ಡ ಪ್ರಶ್ನೆ. ಬೇರೆ ಕಡೆ ಸೆಪ್ಟೆಂಬರ್‌ನಲ್ಲಿ ಶುರು ಮಾಡಿಸುತ್ತಾರೆ. ಕ್ರಿಸ್ಮಸ್ ಹೊತ್ತಿಗೆ ಯೇಸುವಿನ ಜನನ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಯಾತನೆ, ಈಸ್ಟರ್‌ನಿಂದ ಶುರುವಾಗುವ ಪಾಸ್ಕ ಕಾಲದಲ್ಲಿ ಪುನರುತ್ಥಾನ, ಹೀಗೆ ಪೂಜಾವರ್ಷಕ್ಕೆ ಹೊಂದುತ್ತದೆ ಎಂದು. ಕಾಗದದ ಮೇಲೆ ಚೆಂದ. ಆದರೆ ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕಾಫಿ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಸಂಜೆ ಹಣ್ಣಿನ ತೂಕ, ರಾತ್ರಿ ಸಿಪ್ಪೆ ಬಿಡಿಸುವ ಪಲ್ಪರ್, ಬೆಳಗ್ಗೆ ಕಣದ ಕೆಲಸ. ಎರಡನೇ ವಾರ ಎಲ್ಲಕ್ಕಿಂತ ಉದ್ದದ ಘಟ್ಟ, ಅದು ಸರಿಯಾಗಿ ಈ ಕೊಯ್ಲಿನ ಮೇಲೇ ಬಂದು ಬೀಳುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್, ಮೇಸ್ತ್ರಿ, ಸ್ವಂತ ಎರಡೆಕರೆಯವರು ಸೆಪ್ಟೆಂಬರ್‌ನಲ್ಲಿ ಶುರು ಮಾಡಿದರೆ ಕೊಯ್ಲಿನ ನಡುವೆ ಕೈಬಿಡುವುದೇ ಹೆಚ್ಚು. ಜೂನ್ ವಾಸಿ. ಮಳೆ ಹಿಡಿದ ಮೇಲೆ ಕೆಲಸ ಸಡಿಲ, ಸಂಜೆ ಬೇಗ ಮನೆ. ಕೊಯ್ಲಿನ ತಿಂಗಳುಗಳಲ್ಲಿ ಹೊಸ ವಿಷಯ ಕಡಿಮೆ ಮಾಡಿ, ಧ್ಯಾನಿಸಿದ್ದಕ್ಕೇ ಮರಳುವ ಕ್ರಮ ಇಡಬಹುದು, 30 ವಾರಕ್ಕಿಂತ ಉದ್ದವಾದರೂ ಸರಿ. ಪುಸ್ತಕದಲ್ಲೇ ಅದಕ್ಕೆ ‘ಪುನರಾವರ್ತನೆ’ ಎಂಬ ಜಾಗವಿದೆ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ಭಾನುವಾರವಾದರೂ ಬರಬಹುದು. ಆ ವರ್ಷದ ದಿನಾಂಕ ಮೊದಲು ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಮಾರ್ಗದರ್ಶಕರ ಜತೆ ಕೂತು ಗೊತ್ತು ಮಾಡಿಕೊಳ್ಳಿ.

ಮಾರ್ಗದರ್ಶಕರು ಸಿಗುವುದಕ್ಕೆ ಕಾಯಬೇಕು. ಧರ್ಮಕೇಂದ್ರದ (ಊರಿನ ಚರ್ಚಿನ) ಗುರುಗಳೆಲ್ಲ ಇದನ್ನು ಮಾಡಿಸುವುದಿಲ್ಲ. ಸ್ವತಃ ಪೂರ್ತಿ ಸಾಧನೆ ಮಾಡಿ, ಮಾಡಿಸುವ ತರಬೇತಿ ಪಡೆದವರೇ ಬೇಕು. ಇಗ್ನೇಷಿಯಸ್ ಕಟ್ಟಿದ ಯೇಸುಸಭೆಯ (ಜೆಸ್ವಿಟ್) ಗುರುಗಳು, ಕೆಲವು ಸಿಸ್ಟರುಗಳು, ಅಪರೂಪಕ್ಕೆ ಶ್ರೀಸಾಮಾನ್ಯರೂ ಮಾಡಿಸುತ್ತಾರೆ. ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ (ಬಿಷಪ್‌ರ ಆಡಳಿತದ ವ್ಯಾಪ್ತಿ) ಹಾಸನ ಜಿಲ್ಲೆಯೂ ಸೇರುವುದರಿಂದ ಎರಡೂ ಜಿಲ್ಲೆಯವರು ಮೊದಲು ವಿಚಾರಿಸಬೇಕಾದದ್ದು ನಿಮ್ಮ ಗುರುಗಳ ಬಳಿ, ಆಮೇಲೆ ಧರ್ಮಾಧ್ಯಕ್ಷರ (ಬಿಷಪ್‌ರ) ನಿವಾಸದ ಕಚೇರಿಯಲ್ಲಿ. ಇಲ್ಲಿ ಯಾರೂ ಸಿಗದಿದ್ದರೆ ಮಂಗಳೂರಿನ ಫಾತಿಮಾ ರಿಟ್ರೀಟ್ ಹೌಸ್‌ನಂಥ ಯೇಸುಸಭೆಯ ಧ್ಯಾನಕೇಂದ್ರಗಳಲ್ಲಿ ಕೇಳಿ. ಜೂನ್‌ಗೆ ಶುರುವಾಗಬೇಕೆಂದರೆ ಏಪ್ರಿಲ್‌ಗೇ ಮಾತಾಡಿರಬೇಕು. ಮೇ ತಿಂಗಳಲ್ಲಿ ಗುರುಗಳ ವರ್ಗಾವಣೆ ನಡೆಯುವ ಕಾಲ, ಒಪ್ಪಿಕೊಂಡವರೇ ಬೇರೆ ಊರಿಗೆ ಹೊರಟಿರುತ್ತಾರೆ. ಹಾಗಾದಾಗ ಹೊಸಬರಿಗೆ ಮೊದಲಿಂದ ಎಲ್ಲ ಹೇಳಿಕೊಂಡು ಶುರು ಮಾಡುವುದೇ ಗತಿ.

ಮೊದಲ ಭೇಟಿಯಲ್ಲಿ ಪರೀಕ್ಷೆಯೇನೂ ಇಲ್ಲ. ಈಗ ಪ್ರಾರ್ಥನೆ ಹೇಗೆ ಮಾಡುತ್ತೀರಿ, ಯಾಕೆ ಈಗಲೇ ಬೇಕೆನಿಸಿತು, ಮನೆಯಲ್ಲಿ ಗೊತ್ತಿದೆಯಾ, ನಿದ್ದೆ ಹೇಗಿದೆ, ಇತ್ತೀಚೆಗೆ ಸಾವು-ನೋವು ಆಗಿದೆಯಾ, ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ ಎಂದೆಲ್ಲ ಕೇಳುತ್ತಾರೆ. ಕೊನೆಯ ಪ್ರಶ್ನೆಗೆ ಸಂಕೋಚಪಡಬೇಡಿ. ಖಿನ್ನತೆಗೋ ಆತಂಕಕ್ಕೋ ಚಿಕಿತ್ಸೆ ನಡೆಯುತ್ತಿದ್ದರೆ ಹೇಳಲೇಬೇಕು. ಪ್ರಾರ್ಥನೆ ಶುರುವಾಯಿತೆಂದು ಮಾತ್ರೆ ನಿಲ್ಲಿಸುವುದು ಭಕ್ತಿಯಲ್ಲ, ಅಪಾಯ. ಈಗಲೇ ಬೇಡ, ಮೊದಲು ಮೂರು ದಿನದ ಧ್ಯಾನಕೂಟ ಮಾಡಿ ಬನ್ನಿ ಎಂದೂ ಹೇಳಬಹುದು. ಅದು ತಿರಸ್ಕಾರವಲ್ಲ. ಯಾರ ಹೆಗಲಿಗೆ ಎಷ್ಟು ಹೊರೆ ಎಂದು ನೋಡಿ ಕೊಡಬೇಕು ಎಂಬುದು 18ನೇ ಸೂಚನೆಯಲ್ಲೇ ಇದೆ.

ಕಾಗದಪತ್ರ ಬಹಳ ಇಲ್ಲ. ಮನೆಯಲ್ಲೇ ಮಾಡುವವರಿಗೆ ಏನೂ ಬೇಡ. ನಡುವೆ ಧ್ಯಾನಕೇಂದ್ರದಲ್ಲಿ ಉಳಿಯಬೇಕಾದರೆ ಆಧಾರ್ ಪ್ರತಿ, ಕೆಲವು ಕಡೆ ಧರ್ಮಕೇಂದ್ರದ ಗುರುಗಳ ಪತ್ರ ಕೇಳುತ್ತಾರೆ. ಆ ಪತ್ರವನ್ನು ಹೊರಡುವ ಹಿಂದಿನ ದಿನ ಕೇಳಿದರೆ ಗುರುಗಳು ಯಾವುದೋ ಉಪಕೇಂದ್ರದಲ್ಲಿ ಪೂಜೆಗೆ ಹೋಗಿರುತ್ತಾರೆ, ವಾರ ಮೊದಲೇ ಬರೆಸಿಟ್ಟುಕೊಳ್ಳಿ. ಮಾರ್ಗದರ್ಶನಕ್ಕೆ ಶುಲ್ಕವಿಲ್ಲ, ಕಾಣಿಕೆ ನಿಮ್ಮಿಷ್ಟ. ಖರ್ಚೆಂದರೆ ಭೇಟಿಗೆ ಹೋಗಿ ಬರುವ ಬಸ್ಸು, ಉಳಿದರೆ ಊಟ-ವಸತಿಯ ದಿನವಹಿ ದರ, 200 ಪುಟದ ಒಂದೆರಡು ನೋಟ್‌ಬುಕ್ಕು, ದಿನಗೂಲಿಯವರಿಗೆ ಭೇಟಿಯ ದಿನದ ಅರ್ಧ ಹಾಜರಿ. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಜಾಸ್ತಿ ಭಾರ ಅದೇ. ಭಾನುವಾರ ಮಧ್ಯಾಹ್ನದ ಸಮಯ ಕೇಳಿ ನೋಡಿ, ಗುರುಗಳಿಗಿಂತ ಸಿಸ್ಟರುಗಳ ಬಳಿ ಅದು ಸುಲಭವಾಗಿ ಸಿಗುತ್ತದೆ.

ಹಾಸನದ ಕಡೆ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್) ಸಭೆಯವರು ನಾವೂ ಮಾಡಬಹುದಾ ಎಂದು ಕೇಳಿದ್ದರು. ಧಾರಾಳವಾಗಿ. ನಿಮ್ಮ ಮನೆಯ ಸತ್ಯವೇದವೇ ಸಾಕು. ಪಾಪನಿವೇದನೆ ಸಂಸ್ಕಾರದ ಜಾಗದಲ್ಲಿ ನಿಮ್ಮ ಸಭಾಪಾಲಕರ ಬಳಿ ಮಾತು, ಪ್ರಾರ್ಥನೆ ಇಟ್ಟುಕೊಳ್ಳಬಹುದು. ಮಾರ್ಗದರ್ಶಕರಿಗೆ ಮೊದಲೇ ತಿಳಿಸಿದರೆ ಸಾಕು.

ಇನ್ನು ದಿನದ ಕ್ರಮ. ಒಂದೂವರೆ ಗಂಟೆ ಹಂಚುವುದು ಹೀಗೆ: ಧ್ಯಾನ ಒಂದು ಗಂಟೆ, ಅದಾದ ಮೇಲೆ ಹಿನ್ನೋಟ 15 ನಿಮಿಷ, ರಾತ್ರಿ ಆತ್ಮಶೋಧನೆ 15 ನಿಮಿಷ. ಮಲಗುವ ಮುಂಚೆ ನಾಳೆಯ ಬೈಬಲ್ ವಾಕ್ಯವನ್ನೊಮ್ಮೆ ಓದಿ, ಏಳುವ ಹೊತ್ತು ನೆನೆದುಕೊಂಡು ಮಲಗಬೇಕು. ಬೆಳಗ್ಗೆ ಕೂರುವ ಜಾಗಕ್ಕೆ ಒಂದೆರಡು ಹೆಜ್ಜೆ ದೂರದಲ್ಲಿ, ಒಂದು ಪರಲೋಕ ಮಂತ್ರ ಹೇಳುವಷ್ಟು ಹೊತ್ತು ನಿಂತು, ದೇವರು ನನ್ನನ್ನು ನೋಡುತ್ತಿದ್ದಾರೆ ಎಂದು ನೆನೆಯಬೇಕು. ಸಣ್ಣ ವಿಷಯ ಅನಿಸುತ್ತದೆ. ಆದರೆ ಇದನ್ನು ಬಿಟ್ಟವರ ಮೊದಲ 20 ನಿಮಿಷ ಹಾಜರಿ ಪುಸ್ತಕ, ಗೊಬ್ಬರದ ಬಿಲ್ಲಿನಲ್ಲೇ ಕಳೆದುಹೋಗುತ್ತದೆ. ಆಮೇಲೆ ಸಿದ್ಧತಾ ಪ್ರಾರ್ಥನೆ, ದೃಶ್ಯವನ್ನು ಕಣ್ಮುಂದೆ ತಂದುಕೊಳ್ಳುವುದು, ‘ನನಗೆ ಬೇಕಾದದ್ದು ಇದು’ ಎಂದು ಆ ದಿನದ ಕೃಪೆಯನ್ನು ಬಾಯಿಬಿಟ್ಟು ಕೇಳುವುದು, ನಂತರ ವಾಕ್ಯದ ಅಂಶಗಳು, ಕೊನೆಗೆ ಗೆಳೆಯನ ಜತೆ ಮಾತಾಡುವಂತೆ ಯೇಸುವಿನ ಜತೆ ಮಾತು. ಎಲ್ಲ ಅಂಶ ಮುಗಿಸಬೇಕೆಂಬ ಹಟ ಬೇಡ. ಒಂದೇ ಸಾಲಿನಲ್ಲಿ ಮನಸ್ಸು ನಿಂತರೆ ಅಲ್ಲೇ ಇರಿ. ಬಹಳ ತಿಳಿದುಕೊಳ್ಳುವುದರಿಂದಲ್ಲ, ಒಳಗೇ ಸವಿಯುವುದರಿಂದ ಆತ್ಮ ತಣಿಯುತ್ತದೆ ಎಂಬುದು ಎರಡನೇ ಸೂಚನೆಯ ತಿರುಳು.

ಹಿನ್ನೋಟ ಬರೆಯುವುದನ್ನು ಧ್ಯಾನದೊಳಗೆ ಸೇರಿಸಬಾರದು. ಎದ್ದು, ಜಾಗ ಬದಲಿಸಿ, ಆಮೇಲೆ ಬರೆಯಿರಿ. ಅರ್ಧ ಪುಟ ಸಾಕು: ಏನು ಕೇಳಿದೆ, ಎಲ್ಲಿ ಮನಸ್ಸು ತೆರೆಯಿತು, ಎಲ್ಲಿ ಗಟ್ಟಿಯಾಯಿತು, ಎಲ್ಲಿಂದ ತಪ್ಪಿಸಿಕೊಂಡೆ. ವಾಕ್ಯದ ವ್ಯಾಖ್ಯಾನ ಬರೆದುಕೊಂಡು ಹೋದರೆ ಭೇಟಿಯಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಉಪದೇಶಿಗಳು, ಭಾನುವಾರ ಶಾಲೆಯ ಟೀಚರುಗಳು ಇಲ್ಲಿ ಸಿಕ್ಕಿಬೀಳುತ್ತಾರೆ, ನೋಟ್‌ಬುಕ್ ತುಂಬ ಪ್ರಸಂಗ!

ಶುರುವಿನ ನಾಲ್ಕಾರು ವಾರ (ಇವು ಕ್ಯಾಲೆಂಡರಿನ ವಾರಗಳೇ) ಪಾಪದ ಮಾತೇ ಇಲ್ಲ. ಯೆಶಾಯ 43, ಕೀರ್ತನೆ 139, ಹೊಶೇಯ 11, ಹೀಗೆ ದೇವರ ಪ್ರೀತಿಯ ವಾಕ್ಯಗಳೇ. ಅವಸರದವರಿಗೆ ಇದು ಬೇಸರ ತರಿಸುತ್ತದೆ. ಆದರೆ ಈ ಅಡಿಪಾಯ ಗಟ್ಟಿಯಾಗದೆ, ಪಾಪವನ್ನು ಧ್ಯಾನಿಸುವ ಮೊದಲ ವಾರಕ್ಕೆ ಹೋದರೆ ಮನುಷ್ಯ ಕುಗ್ಗಿಹೋಗುತ್ತಾನೆ. ಆಮೇಲೆ ‘ಮೂಲತತ್ವ ಮತ್ತು ಅಡಿಪಾಯ’ ಬರುತ್ತದೆ, ಪುಸ್ತಕದ 23ನೇ ಭಾಗ. ದೇವರನ್ನು ಸ್ತುತಿಸಿ, ಗೌರವಿಸಿ, ಸೇವಿಸುವುದಕ್ಕೆ ನಾವು ಸೃಷ್ಟಿಯಾದವರು. ಉಳಿದದ್ದೆಲ್ಲ ಅದಕ್ಕೆ ನೆರವಾಗುವಷ್ಟು ಹಿಡಿದುಕೊಳ್ಳಬೇಕು, ಅಡ್ಡಿಯಾಗುವಷ್ಟು ಬಿಡಬೇಕು. ಆರೋಗ್ಯ-ಕಾಯಿಲೆ, ಸಿರಿತನ-ಬಡತನ, ಮಾನ-ಅವಮಾನ, ದೀರ್ಘಾಯುಷ್ಯ-ಅಲ್ಪಾಯುಷ್ಯ, ಇವುಗಳಲ್ಲಿ ಇದೇ ಬೇಕೆಂದು ಹಟ ಹಿಡಿಯದ ಮನಸ್ಸು ಬೇಕು. ಓದಲು ಸುಲಭ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಇದನ್ನು ಧ್ಯಾನಿಸಿ ನೋಡಿ.

ಆಗಸ್ಟ್ ಹೊತ್ತಿಗೆ ಮೊದಲ ವಾರ. ಆದಿಕಾಂಡ 3, ರಾಜ ದಾವೀದನ ಪಾಪವನ್ನು ಪ್ರವಾದಿ ನಾತಾನ ಎತ್ತಿ ತೋರಿಸಿದ ಪ್ರಸಂಗ, ಲೂಕ 7ರಲ್ಲಿ ಯೇಸುವಿನ ಪಾದ ತೊಳೆದ ಹೆಂಗಸು. ಶಿಲುಬೆಯ ಮುಂದೆ ಕೂತು ಮೂರು ಪ್ರಶ್ನೆ: ಕ್ರಿಸ್ತನಿಗಾಗಿ ಏನು ಮಾಡಿದ್ದೇನೆ, ಏನು ಮಾಡುತ್ತಿದ್ದೇನೆ, ಏನು ಮಾಡಬೇಕು? ಇಲ್ಲಿ ಹುಟ್ಟುವ ನಾಚಿಕೆ ಎರಡು ಥರದ್ದು. ದೇವರ ಕಡೆ ತಿರುಗಿಸುವ ನಾಚಿಕೆ ಇದೆ, ಅಳು ಬಂದರೂ ಹಗುರಾಗುತ್ತದೆ. ನಾನು ಕೆಲಸಕ್ಕೆ ಬಾರದವನು ಎಂದು ತನ್ನ ಸುತ್ತಲೇ ಗಿರಕಿ ಹೊಡೆಸುವ ನಾಚಿಕೆಯೂ ಇದೆ. ಎರಡನೆಯದು ಎರಡು-ಮೂರು ದಿನ ಬಿಡದೆ ಕಾಡಿದರೆ ಮುಂದಿನ ಭೇಟಿಗೆ ಕಾಯಬೇಡಿ, ಫೋನ್ ಮಾಡಿ.

ಇಡೀ ಜೀವನದ ಪಾಪನಿವೇದನೆ ಈ ಘಟ್ಟದ ಕೊನೆಗೆ. ಕಡ್ಡಾಯವಲ್ಲ, ಆದರೆ ಮಾಡಿದರೆ ಒಳ್ಳೆಯದು. ಭಾನುವಾರ ಪೂಜೆಗೆ ಮುಂಚಿನ ಸಾಲಿನಲ್ಲಿ ನಿಂತು ಮಾಡುವಂಥದ್ದಲ್ಲ ಇದು. ವಾರದ ದಿನ ಒಂದು ಗಂಟೆ ಬೇಕೆಂದು ಗುರುಗಳಿಗೆ ಹೇಳಿ ಸಮಯ ತಗೊಳ್ಳಿ. ಕ್ರಿಸ್ಮಸ್, ಈಸ್ಟರ್ ಹತ್ತಿರ ಹೋದರೆ ಅವರಿಗೇ ಪುರುಸೊತ್ತಿರುವುದಿಲ್ಲ. ಮಾರ್ಗದರ್ಶಕರೇ ಪಾಪನಿವೇದನೆ ಕೇಳಬೇಕೆಂದಿಲ್ಲ. ಬೇರೆ ಗುರುಗಳಾದರೆ ಮಾತು ಇನ್ನೂ ಸಲೀಸು, ಏಕೆಂದರೆ ಸಾಧನೆ ಮಾಡಿಸುವವರು ನಿಮ್ಮ ಪಾಪಗಳ ಪಟ್ಟಿ ಕೆದಕಬಾರದು, ಒಳಗಿನ ಚಲನೆಗಳನ್ನಷ್ಟೇ ತಿಳಿಯಬೇಕು ಎಂದು 17ನೇ ಸೂಚನೆ. ಬರೆದುಕೊಂಡ ಚೀಟಿಯನ್ನು ಅಂದೇ ಒಲೆಗೆ ಹಾಕಿ.

ಶುಷ್ಕತೆ ಎಲ್ಲಿ ಬೇಕಾದರೂ ಬರುತ್ತದೆ. ಬಹಳ ಜನ ಬಿಟ್ಟುಹೋಗುವುದು ಇಲ್ಲೇ, ಅದಕ್ಕೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. ವಾಕ್ಯ ಸಪ್ಪೆ, ಕೂತರೆ ಕಾಲು ಜೋಮು, ದೇವರು ಇಲ್ಲವೇನೋ ಎಂಬಂಥ ಬರಿದು, ಜತೆಗೆ ಇದೆಲ್ಲ ಸಾಕು ಎಂಬ ಯೋಚನೆ. ಒಳಗಿನ ಚಲನೆಗಳನ್ನು ಗುರುತಿಸಲು ಇಗ್ನೇಷಿಯಸ್ ಮೊದಲ ವಾರಕ್ಕೆಂದು ಕೊಟ್ಟ 14 ನಿಯಮಗಳಲ್ಲಿ ಐದನೆಯದು ಇಲ್ಲಿ ಹಿಡಿದುಕೊಳ್ಳಲು: ಶುಷ್ಕತೆಯ ಹೊತ್ತಿನಲ್ಲಿ ಹಿಂದೆ ಮಾಡಿದ ನಿರ್ಧಾರ ಬದಲಿಸಕೂಡದು. ಆರನೆಯದು ಅದರ ಎದುರು ನಡೆ: ಗಂಟೆ ತುಂಬುವ ಮೊದಲೇ ಏಳಬೇಕೆನಿಸಿದರೆ ಸ್ವಲ್ಪ ಹೆಚ್ಚೇ ಕೂರಿ. “ಐದು ನಿಮಿಷ ಜಾಸ್ತಿ ಕೂತು ಎದ್ದು ಹೋಗಿ, ಜಗಳ ಬೇಡ” ಎಂದಿದ್ದರು ನನಗೆ ಮಾರ್ಗದರ್ಶನ ಮಾಡಿದ ಸಿಸ್ಟರ್. ಒಂಬತ್ತನೆಯದರಲ್ಲಿ ಕಾರಣ ಮೂರು. ನಾವೇ ಸೋಮಾರಿಗಳಾಗಿರಬಹುದು. ಸಾಂತ್ವನದ ಕೂಲಿ ಇಲ್ಲದೆಯೂ ಸೇವೆ ಮಾಡುತ್ತೇವಾ ಎಂಬ ಪರೀಕ್ಷೆ ಇರಬಹುದು. ಇಲ್ಲವೇ ಸಾಂತ್ವನ ನಮ್ಮ ಸಂಪಾದನೆಯಲ್ಲ, ದೇವರ ಕೊಡುಗೆ ಎಂದು ತಿಳಿಸುವುದಕ್ಕೆ ಇರಬಹುದು. ಕ್ರಮ ಪರಿಶೀಲಿಸುವಾಗಲೂ ಮೊದಲನೆಯದನ್ನು ಮೊದಲು ನೋಡಿ. ಮೊಬೈಲ್ ಪಕ್ಕದಲ್ಲಿತ್ತಾ, ನಿದ್ದೆ ಆಗಿತ್ತಾ, ಹಿನ್ನೋಟ ಬರೆಯುವುದು ಬಿಟ್ಟಿದ್ದಿರಾ? ಕೊಯ್ಲಿನ ಕಾಲದ ಶುಷ್ಕತೆಯಲ್ಲಿ ಬಹುಪಾಲು ಬರೀ ಆಯಾಸ. ಅದಕ್ಕೆ ಮದ್ದು ಹೆಚ್ಚು ಪ್ರಾರ್ಥನೆಯಲ್ಲ, ಒಂಬತ್ತಕ್ಕೇ ಮಲಗುವುದು.

13ನೇ ನಿಯಮವನ್ನೂ ಸೇರಿಸಿಕೊಳ್ಳಿ: ವೈರಿ (ಸೈತಾನ) ಗುಟ್ಟನ್ನು ಬಯಸುತ್ತಾನೆ. ಇದೊಂದು ವಿಷಯ ಮಾತ್ರ ಸಿಸ್ಟರಿಗೆ ಹೇಳುವುದು ಬೇಡ ಎನಿಸಿದರೆ, ಭೇಟಿಯಲ್ಲಿ ಮೊದಲು ಹೇಳಬೇಕಾದದ್ದು ಅದೇ. ಇಷ್ಟು ತಿಂಗಳಲ್ಲಿ ವಿಶ್ವಾಸದ ಬೆಳವಣಿಗೆ ಎಂದು ಯಾವುದನ್ನಾದರೂ ತೋರಿಸಬಹುದಾದರೆ ಅದು ಕಣ್ಣೀರೂ ಅಲ್ಲ, ದರ್ಶನವೂ ಅಲ್ಲ. ಬರಿದಾದ ದಿನ ಏನು ಮಾಡಬೇಕೆಂದು ಗೊತ್ತಿರುವುದು, ಮುಚ್ಚಿಡದೆ ಹೇಳುವುದು, ಅಷ್ಟೇ.

ಎರಡನೇ ವಾರದಲ್ಲಿ ಶುಭಸಂದೇಶದ ದೃಶ್ಯದೊಳಗೆ ಹೋಗಿ ಕೂರುವುದು. ನಜರೇತಿನಿಂದ ಬೆತ್ಲೆಹೇಮಿನ ದಾರಿ ಎಷ್ಟು ಉದ್ದ, ಎಷ್ಟು ಅಗಲ, ಸಮತಟ್ಟೋ ಏರಿಳಿತವೋ ನೋಡು ಎನ್ನುತ್ತದೆ ಪುಸ್ತಕ. ಅದು 100 ಕಿ.ಮೀ.ಗೂ ಮೀರಿದ ದಾರಿ. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಾಸನಕ್ಕೆ 60 ಕಿ.ಮೀ. ಆಸುಪಾಸು, ತುಂಬು ಗರ್ಭಿಣಿ ಅದರ ಇಮ್ಮಡಿಯಷ್ಟು ದೂರ ಹೊರಟಿದ್ದಾಳೆ ಎಂದುಕೊಂಡರೆ ದೃಶ್ಯ ತಾನಾಗಿ ಏಳುತ್ತದೆ. ಯಾವ ಚಿತ್ರವೂ ಮೂಡುವುದಿಲ್ಲ ಎನ್ನುವವರು ಬಹಳ ಇದ್ದಾರೆ. ಅವರು ವಾಕ್ಯವನ್ನು ಮೆಲ್ಲಗೆ, ದನಿ ತೆಗೆದು, ಎರಡು-ಮೂರು ಸಲ ಓದಿ ಯಾರು ಏನೆಂದರು ಎಂಬುದರಲ್ಲೇ ನಿಲ್ಲಬಹುದು.

ನಡುವೆ ‘ಎರಡು ಬಾವುಟಗಳು’ ಧ್ಯಾನ. ವೈರಿ ಎಳೆಯುವ ಕ್ರಮ ಸಿರಿತನ, ಅದರಿಂದ ಹೊಗಳಿಕೆ, ಅದರಿಂದ ಅಹಂಕಾರ. ಕ್ರಿಸ್ತ ಕರೆಯುವ ಕ್ರಮ ಬಡತನ, ಅವಮಾನ, ದೀನತೆ. ಅದೇ ದಿನಕ್ಕೆ ‘ಮೂರು ಬಗೆಯ ಜನ’. ಇಗ್ನೇಷಿಯಸ್ 10,000 ಡಕ್ಕಟ್ (ಆಗಿನ ಚಿನ್ನದ ನಾಣ್ಯ) ಹಣದ ಉದಾಹರಣೆ ಕೊಡುತ್ತಾರೆ. ನಮ್ಮಲ್ಲಿ ಒತ್ತುವರಿ ಜಮೀನು ಇಟ್ಟುಕೊಂಡು ನೋಡಿ, ಚುರುಕು ಮುಟ್ಟುತ್ತದೆ. ಒಬ್ಬ ಬಿಡುತ್ತೇನೆ ಬಿಡುತ್ತೇನೆ ಎನ್ನುತ್ತಲೇ ಸಾಯುತ್ತಾನೆ. ಇನ್ನೊಬ್ಬ ಜಮೀನು ಉಳಿಸಿಕೊಂಡು ಚರ್ಚಿನ ಹಬ್ಬಕ್ಕೆ ದೊಡ್ಡ ಕಾಣಿಕೆ ಕೊಡುತ್ತಾನೆ, ದೇವರೇ ತನ್ನ ಕಡೆ ಬರಲಿ ಎಂದು. ಮೂರನೆಯವನು ಇಟ್ಟುಕೊಳ್ಳುವುದೋ ಬಿಡುವುದೋ ಎರಡಕ್ಕೂ ತಯಾರಾಗಿ, ನಿನಗೆ ಯಾವುದು ಸೇವೆಯೋ ಹೇಳು ಎನ್ನುತ್ತಾನೆ. ಎರಡನೆಯವನಲ್ಲಿ ತಮ್ಮನ್ನು ಕಂಡವರೇ ಜಾಸ್ತಿ.

ಆಯ್ಕೆ ಮಾಡುವ ಕೆಲಸವೂ ಇಲ್ಲೇ. ಒಳ್ಳೆಯದು-ಕೆಟ್ಟದ್ದರ ನಡುವೆ ಆಯ್ಕೆ ಇಲ್ಲ, ಎರಡೂ ಒಳ್ಳೆಯದೇ ಆಗಿರಬೇಕು. ಮದುವೆ, ಗುರುದೀಕ್ಷೆಯಂಥ ಬದಲಿಸಲಾಗದ ವಚನವನ್ನು ಮತ್ತೆ ತಕ್ಕಡಿಗೆ ಹಾಕುವಂತಿಲ್ಲ. ಮನಸ್ಸು ಶಾಂತವಾಗಿರುವಾಗ ಕಾಗದದ ಮೇಲೆ ನಾಲ್ಕು ಅಂಕಣ ಮಾಡಿ: ಮಾಡಿದರೆ ಲಾಭ, ಮಾಡಿದರೆ ಅಪಾಯ, ಮಾಡದಿದ್ದರೆ ಲಾಭ, ಮಾಡದಿದ್ದರೆ ಅಪಾಯ. ಎಣಿಸಬೇಡಿ, ತೂಗಿ. ಆಮೇಲೆ, ಗುರುತೇ ಇಲ್ಲದ ಒಬ್ಬರು ಇದೇ ಪ್ರಶ್ನೆ ಕೇಳಿದರೆ ಏನು ಹೇಳುತ್ತೀರಿ, ಸಾಯುವ ಹೊತ್ತಿನಲ್ಲಿ ಏನು ಆರಿಸಿದ್ದರೆ ಚೆನ್ನಿತ್ತು ಅನಿಸುತ್ತದೆ ಎಂದು ನೋಡುವುದು. ಬಂದ ನಿರ್ಧಾರವನ್ನು ದೇವರ ಮುಂದಿಟ್ಟು ಕೆಲವು ದಿನ ಕಾಯಬೇಕು. ದೊಡ್ಡ ಆಯ್ಕೆ ಇಲ್ಲದವರಿಗೆ ಮನೆ, ಸಂಸಾರ, ಖರ್ಚು-ವೆಚ್ಚ ತಿದ್ದಿಕೊಳ್ಳುವ ಕೆಲಸವೇ ಸಾಕು. ಮಾರ್ಗದರ್ಶಕರು ಹೀಗೇ ಮಾಡಿ ಎಂದು ಯಾವ ಕಡೆಗೂ ತಳ್ಳಬಾರದು, 15ನೇ ಸೂಚನೆ. ತಳ್ಳಿದರೆ ಅವರಿಗೇ ನೆನಪಿಸಬಹುದು.

ಯೇಸುವಿನ ಯಾತನೆಯನ್ನು ಧ್ಯಾನಿಸುವ ಮೂರನೇ ವಾರ ತಪಸ್ಸುಕಾಲಕ್ಕೆ ಬಿದ್ದರೆ ಒಂದು ವಿಚಿತ್ರ ತೊಂದರೆ: ಚರ್ಚಿನ ಕೆಲಸವೇ ಧ್ಯಾನ ತಿನ್ನುತ್ತದೆ. ಗಾಯನವೃಂದದ ಅಭ್ಯಾಸ, ಶಿಲುಬೆಹಾದಿ, ಪವಿತ್ರ ವಾರದ ತಯಾರಿ. ರೊಬಸ್ಟಾ ತೋಟದವರಿಗೆ ಇದೇ ಹೊತ್ತಿಗೆ ಸ್ಪ್ರಿಂಕ್ಲರ್. ಎರಡನೇ ವಾರಕ್ಕೆಂದು ಇರುವ ಇನ್ನೊಂದು ಸೆಟ್ ನಿಯಮಗಳು ಹೇಳುವುದು ಇದನ್ನೇ: ಮುಂದುವರಿದವರನ್ನು ವೈರಿ ಕೆಟ್ಟದ್ದು ತೋರಿಸಿ ಎಳೆಯುವುದಿಲ್ಲ, ಒಳ್ಳೆಯದನ್ನೇ ಮುಂದಿಟ್ಟು ದಾರಿ ತಪ್ಪಿಸುತ್ತಾನೆ. ಒಂದು ಜವಾಬ್ದಾರಿಯನ್ನಾದರೂ ಆ ವರ್ಷ ಬೇರೆಯವರಿಗೆ ಬಿಟ್ಟುಕೊಡಿ. ಇಲ್ಲಿ ಕೇಳುವ ಕೃಪೆ ದುಃಖಿಸುವ ಕ್ರಿಸ್ತನ ಜತೆ ದುಃಖ. ಅದು ಬರದಿದ್ದರೂ ಜತೆಗಿರುವುದು ಸಾಕು. ಊಟದ ಬಗ್ಗೆಯೂ ನಿಯಮಗಳಿವೆ, ಸಕ್ಕರೆ ಕಾಯಿಲೆಯವರು ಅದನ್ನು ಉಪವಾಸ ಎಂದು ತಿಳಿಯದೆ ಡಾಕ್ಟರ್ ಹೇಳಿದಂತೆ ಉಣ್ಣಲಿ.

ನಾಲ್ಕನೇ ವಾರವನ್ನು ಜನ ಹಾರಿಸಿಬಿಡುತ್ತಾರೆ. ಈಸ್ಟರ್ ಆಯಿತು, ಮದುವೆಗಳ ಕಾಲ, ಮಕ್ಕಳಿಗೆ ರಜೆ. ಹಾರಿಸಬೇಡಿ. ಪುನರುತ್ಥಾನದ ಸಂತೋಷ ಯಾತನೆಗಿಂತ ಕಷ್ಟ, ಅದು ನಮ್ಮ ಬಗ್ಗೆ ಅಲ್ಲ, ಯೇಸು ಸಂತೋಷವಾಗಿದ್ದಾರೆಂದು ನಮ್ಮ ಸಂತೋಷ. ಪುಸ್ತಕ ಎದ್ದುಬಂದ ಯೇಸು ತಾಯಿಗೆ ಕಾಣಿಸಿಕೊಂಡದ್ದರಿಂದ ಶುರು ಮಾಡುತ್ತದೆ. ಅದು ಬೈಬಲಿನಲ್ಲಿ ಇಲ್ಲ ಎಂದು ಅಡ್ಡಿಯಾದರೆ ಯೊವಾನ್ನ 20ರ ಮಗ್ದಲದ ಮರಿಯಳಿಂದ ಶುರು ಮಾಡಿಸಲು ಕೇಳಿ. ಕಡೆಗೆ ‘ಪ್ರೀತಿಯನ್ನು ಪಡೆಯುವ ಧ್ಯಾನ’: ಪ್ರೀತಿ ಮಾತಿಗಿಂತ ಕೃತಿಯಲ್ಲಿ ಇರಬೇಕು ಎಂದು ಶುರುವಾಗಿ, ಎಲ್ಲವನ್ನೂ ಮರಳಿ ಕೊಡುವ ಪ್ರಾರ್ಥನೆ ಅದರ ಮೊದಲ ಅಂಶದಲ್ಲೇ ಬರುತ್ತದೆ.

ಮುಗಿದ ಮೇಲೆ ಬೆಳಗಿನ ಗಂಟೆಯನ್ನು ಅರ್ಧಕ್ಕೆ ಇಳಿಸಬಹುದು, ರಾತ್ರಿಯ ಆತ್ಮಶೋಧನೆ ಬಿಡಬಾರದು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಹಿನ್ನೋಟ, ಕ್ಷಮೆ, ನಾಳೆಗೆ ತೀರ್ಮಾನ, ಈ ಐದೇ. ತಿಂಗಳಿಗೊಮ್ಮೆ ಮಾರ್ಗದರ್ಶಕರ ಭೇಟಿ ಉಳಿಸಿಕೊಳ್ಳಿ. ಹೊಸ ಭಕ್ತಿಕೂಟ, ಇನ್ನೊಂದು ಧ್ಯಾನಕೂಟ ಎಂದು ತಕ್ಷಣ ಓಡುವುದು ಬೇಡ. ನೋಟ್‌ಬುಕ್‌ಗಳನ್ನು ಮನೆಯವರ ಕೈಗೆ ಸಿಗದ ಕಡೆ ಇಡಿ, ಮುಂದಿನ ತಪಸ್ಸುಕಾಲದಲ್ಲಿ ಒಮ್ಮೆ ತೆರೆಯಲು ಬೇಕಾಗುತ್ತವೆ.